ವೆಂಕಟೇಶಪ್ಪನ ಕೈಗುಣ

ಗುಟ್ಟಮಂಗಲದ ಹಾಲಿನ ಡೈರಿಯ ಕಂಪ್ಯೂಟರು ವೆಂಕಟೇಶಪ್ಪನೊಬ್ಬನನ್ನು ಬಿಟ್ಟು ಇನ್ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಹಾಗೆಂದು ವೆಂಕಟೇಶಪ್ಪ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಕೊಂಡವನಲ್ಲ. ಬೇರೆಯವರು ಹೇಳಿದಾಗ ಅಲ್ಲಗಳೆಯುತ್ತಿರಲಿಲ್ಲ, ಅಷ್ಟೆ. ಅಲ್ಲಗಳೆಯದೆ ನೆಲ ನೋಡುತ್ತಾ ಮೀಸೆಯ ಮೇಲೆ ಬೆರಳಾಡಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಕಂಪ್ಯೂಟರಿನ ಕಾಯಿಲೆ ಹೀಗಿತ್ತು. ಬೆಳಿಗ್ಗೆ ಬಟನ್ ಒತ್ತಿದರೆ ಒಳಗೆ ಫ್ಯಾನು ತಿರುಗುತ್ತಿತ್ತು, ಪರದೆಯ ಮೇಲೆ ಕಂಪನಿಯ ಹೆಸರು ಬರುತ್ತಿತ್ತು, ಹೆಸರು ಹೋಗಿ ಪರದೆ ಕಪ್ಪಾಗುತ್ತಿತ್ತು, ಮೂಲೆಯಲ್ಲಿ ಸಣ್ಣದೊಂದು ಬಿಳಿ ಗೆರೆ ಕಾಣಿಸಿಕೊಳ್ಳುತ್ತಿತ್ತು. ಅಲ್ಲಿಗೆ ಮುಗಿಯಿತು. ಆ ಗೆರೆ ಮುಂದಕ್ಕೂ ಹೋಗುತ್ತಿರಲಿಲ್ಲ, ಹಿಂದಕ್ಕೂ ಬರುತ್ತಿರಲಿಲ್ಲ. ತೂಕದ ಮಿಷನ್ನು, ಫ್ಯಾಟ್ ನೋಡುವ ಮಿಷನ್ನು, ಚೀಟಿ ಮುದ್ರಿಸುವ ಮಿಷನ್ನು ಎಲ್ಲವನ್ನೂ ಅದಕ್ಕೇ ಜೋಡಿಸಿದ್ದರಿಂದ ಅದು ಏಳುವವರೆಗೂ ಹಾಲು ಅಳೆಯುವಂತಿರಲಿಲ್ಲ. ಹೊರಗೆ ಜನ ಕ್ಯಾನು ಹಿಡಿದು ಸಾಲಾಗಿ ನಿಂತಿರುತ್ತಿದ್ದರು. ಹಾಲು ಒಯ್ಯುವ ಗಾಡಿ ರಸ್ತೆಯಲ್ಲಿ ಹಾರನ್ ಬಾರಿಸುತ್ತಿತ್ತು. ಆಗ ಸಾಲಿನಿಂದ ಯಾರಾದರೊಬ್ಬರು ಬೈಕ್ ಹತ್ತಿ ವೆಂಕಟೇಶಪ್ಪನ ಮನೆಯ ಕಡೆ ಓಡಬೇಕು.

ಮನೆಯಲ್ಲಿ ವೆಂಕಟೇಶಪ್ಪ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜಗಲಿಯ ಮೇಲೆ ಹಿಂದಿನ ದಿನದ ಪೇಪರ್ ಓದುತ್ತಾ ಕೂತಿರುತ್ತಿದ್ದ. ಬೈಕಿನ ಸದ್ದು ಕೇಳಿದ ಮೇಲೆ ಪೇಪರನ್ನು ಇನ್ನೂ ಸ್ವಲ್ಪ ಮೇಲೆತ್ತಿ ಹಿಡಿಯುತ್ತಿದ್ದ.

"ಅಣ್ಣೋ, ಮತ್ತೆ ನಿಂತೋಯ್ತು. ಬರ್ಬೇಕಂತೆ."

"ಇದೇನ್ರಪ್ಪಾ ದಿನಾ ಇದೇ ಗೋಳು. ನಂಗೂ ಮನೇಲಿ ಕೆಲ್ಸ ಇರ್ತದೆ" ಎನ್ನುತ್ತಾ ಅವನು ಚಪ್ಪಲಿ ಮೆಟ್ಟುತ್ತಿದ್ದ. ಚಪ್ಪಲಿ ಬಾಗಿಲ ಕಡೆಗೇ ಮುಖ ಮಾಡಿಕೊಂಡು ತಯಾರಾಗಿ ಇರುತ್ತಿತ್ತು. ಒಳಗಿನಿಂದ ಅವನ ಹೆಂಡತಿ ಮುನಿರತ್ನಮ್ಮ, "ಯಾವ್ ಕೆಲ್ಸ?" ಎಂದು ಕೇಳಿದ್ದು ಬೈಕಿನ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು.

ಡೈರಿಯಲ್ಲಿ ಜನ ದಾರಿ ಬಿಡುತ್ತಿದ್ದರು. ಅವನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನಿಂತುಹೋದ ಕಂಪ್ಯೂಟರನ್ನು ಮೊದಲು ಪೂರ್ತಿ ಆರಿಸುತ್ತಿದ್ದ. "ಯಾರೂ ಉಸಿರೆತ್ತಬ್ಯಾಡ್ರಿ" ಎನ್ನುತ್ತಿದ್ದ. ಜನ ಸುಮ್ಮನಾಗುತ್ತಿದ್ದರು. ಗೋಡೆಯ ಮೇಲಿನ ವೆಂಕಟರಮಣಸ್ವಾಮಿಯ ಪಟದ ದೀಪ ಮಾತ್ರ ಗೋವಿಂದನಾಮ ಹೇಳುತ್ತಲೇ ಇರುತ್ತಿತ್ತು. ಅದು ಬಣ್ಣಬಣ್ಣವಾಗಿ ಮಿನುಗುವುದರ ಜೊತೆಗೆ ಮಂತ್ರವನ್ನೂ ಹೇಳುವ ದೀಪ. "ನೀನೂ ರವಷ್ಟು ಸುಮ್ಕಿರಪ್ಪಾ ತಂದೆ" ಎಂದು ವೆಂಕಟೇಶಪ್ಪ ಅದರ ಸ್ವಿಚ್ಚನ್ನೂ ಆರಿಸಿ, ಸಿಪಿಯು ಡಬ್ಬಕ್ಕೆ ಕಿವಿಯಾನಿಸಿ ಬಟನ್ ಒತ್ತುತ್ತಿದ್ದ. ಒಳಗಿನ ಫ್ಯಾನಿನ ಸದ್ದು ಕೇಳಿಕೊಂಡು ಎಡಪಕ್ಕೆಗೆ ಮೆಲ್ಲಗೆ ತಟ್ಟುತ್ತಿದ್ದ. ಕಂಪ್ಯೂಟರು ಎದ್ದು ಕೂರುತ್ತಿತ್ತು. ಆಮೇಲೆ ಅವನು ದೇವರ ದೀಪ ಮತ್ತೆ ಹಚ್ಚಿ, ಕೈಮುಗಿದು, ಯಾರ ಮುಖವನ್ನೂ ನೋಡದೆ ಹೊರಗೆ ಬರುತ್ತಿದ್ದ.

ಎಲ್ಲರ ಕಣ್ಣೂ ಇರುತ್ತಿದ್ದುದು ಆ ತಟ್ಟುವ ಕೈಯ ಮೇಲೆ.

ಹೊಸ ಸೆಕ್ರೆಟರಿ ನವ್ಯ ಕೂಡ ಆ ಕೈಯನ್ನೇ ನೋಡಿ ಕಲಿತಿದ್ದಳು. ಅದೇ ಜಾಗಕ್ಕೆ, ಅಷ್ಟೇ ಮೆಲ್ಲಗೆ ತಟ್ಟುತ್ತಿದ್ದಳು. ಎಳೆಮಗುವಿನ ಬೆನ್ನು ತಟ್ಟಿದ ಹಾಗೂ ತಟ್ಟಿದಳು, ಸಿಟ್ಟು ಬಂದ ದಿನ ಬಾಗಿಲು ಬಡಿದ ಹಾಗೂ ಬಡಿದಳು. ಬಿಳಿ ಗೆರೆ ಕದಲಲಿಲ್ಲ. ಡೈರಿಯ ಅಧ್ಯಕ್ಷ ಅಶ್ವತ್ಥಪ್ಪ ಒಂದು ಸಲ ಬೂಟುಗಾಲಲ್ಲಿ ಒದ್ದೂ ನೋಡಿದ. ಅದಕ್ಕೂ ಅದು ಜಗ್ಗಲಿಲ್ಲ.

ಈಗ ವೆಂಕಟೇಶಪ್ಪನ ವಿಷಯ ಸ್ವಲ್ಪ ಹೇಳಬೇಕು. ತಲೆಗೂದಲು ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ಅವನೇ ಆ ಡೈರಿಯ ಸೆಕ್ರೆಟರಿ. ವಯಸ್ಸಾಯಿತೆಂದು ನಿವೃತ್ತಿ ಮಾಡಿ, ಶಾಲು ಹೊದಿಸಿ, ಹಾರ ಹಾಕಿ, ಸ್ಟೀಲಿನ ಬಿಂದಿಗೆಯೊಂದನ್ನು ಕೊಟ್ಟು ಕಳಿಸಿದರು. ಬಿಂದಿಗೆ ಹಿಡಿದುಕೊಂಡು ಮನೆಗೆ ಬಂದವನಿಗೆ ಮರುದಿನ ಏನು ಮಾಡಬೇಕೆಂದು ತಿಳಿಯಲಿಲ್ಲ. ಮುನಿರತ್ನಮ್ಮ ಹಾಲು ಕರೆಯುವಾಗ ಹಿಂದೆ ನಿಂತು ಹೇಗೆ ಕರೆಯಬೇಕೆಂದು ಹೇಳಿಕೊಟ್ಟ. ಮದುವೆಯಾದಾಗಿನಿಂದ ಹಾಲು ಕರೆಯುತ್ತಿದ್ದವಳು ಅವಳು. ಸೀಮೆಹಸು ಅವನ ಕಡೆ ತಿರುಗಿ ನೋಡಿ ಆವತ್ತು ಹಾಲನ್ನೇ ಇಳಿಸಲಿಲ್ಲ. "ನೀವು ಎಲ್ಲಾದ್ರೂ ಓಗ್ಬನ್ನಿ" ಎಂದು ಮುನಿರತ್ನಮ್ಮ ಕೈಮುಗಿದಳು.

ಎಲ್ಲಿಗೆ ಹೋಗುವುದು? ಡೈರಿಗೆ ಹೋಗಲು ನೆಪ ಬೇಕು. ಶ್ರಾವಣ ಮಾಸದಲ್ಲಿ ನೆಪ ಸಿಕ್ಕಿತು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ದೇವರ ಪಟಗಳ ಅಂಗಡಿಯಿಂದ ಆಳೆತ್ತರದ್ದಲ್ಲದಿದ್ದರೂ ಸಾಕಷ್ಟು ದೊಡ್ಡದೊಂದು ಪಟವನ್ನೂ ಮಂತ್ರ ಹೇಳುವ ದೀಪವನ್ನೂ ತಂದು ಡೈರಿಗೆ ದಾನ ಕೊಟ್ಟ. ಪಟದ ಕೆಳಗೆ 'ದಾನಿಗಳು: ಶ್ರೀ ವೆಂಕಟೇಶಪ್ಪನವರು, ನಿವೃತ್ತ ಕಾರ್ಯದರ್ಶಿಗಳು' ಎಂದು ಬಿಳಿ ಬಣ್ಣದಲ್ಲಿ ಬರೆಸಿದ್ದ. ಅಕ್ಷರ ಸ್ವಲ್ಪ ದಪ್ಪವಾಗಿ, ಸ್ವಾಮಿಯ ಪಾದ ಅರ್ಧ ಮುಚ್ಚಿಹೋಗಿತ್ತು. ಡೈರಿಯ ಪ್ಲಗ್ಗುಗಳೆಲ್ಲ ಮಿಷನ್ನುಗಳಿಗೇ ಸರಿಹೋಗಿದ್ದವು. ದೀಪದ ವೈರಿನ ತುದಿ ಪೆನ್‌ಡ್ರೈವಿನದರ ಹಾಗೆ ಚಪ್ಪಟೆಯಾಗಿತ್ತು. ಕಂಪ್ಯೂಟರಿನ ಹಿಂದೆ ಅದಕ್ಕೆ ಸರಿಯಾಗಿ ಒಂದು ತೂತು ಖಾಲಿಯಿತ್ತು, ಕಂಪ್ಯೂಟರು ಆರಿಸಿದ್ದರೂ ಅದಕ್ಕೆ ಕರೆಂಟು ಬರುತ್ತಿತ್ತು. ಎಲ್ಲ ದೇವರೇ ಅಳತೆ ಮಾಡಿಟ್ಟ ಹಾಗಿದೆಯೆಂದು ವೆಂಕಟೇಶಪ್ಪ ತಾನೇ ಸಿಕ್ಕಿಸಿದ.

ಮರುದಿನದಿಂದ ಕಂಪ್ಯೂಟರು ನಿಲ್ಲತೊಡಗಿತು.

ಅವನ ಕಾಲದಲ್ಲಿ ಒಂದು ದಿನವೂ ನಿಂತಿರಲಿಲ್ಲವೆಂಬುದು ನಿಜ. ಯಜಮಾನನನ್ನು ಕಾಣದೆ ಅದು ಹಂಬಲಿಸುತ್ತಿದೆಯೆಂದು ಊರ ಹೆಂಗಸರು ಹೇಳಿದರು. ಗಂಡಸರು ಅಷ್ಟು ಹೇಳಲಾರದೆ, ನವ್ಯಳಿಗೆ ಕೈಗುಣ ಇಲ್ಲ ಎಂದರು. ವೆಂಕಟೇಶಪ್ಪನಿಗೆ ಈ ಎರಡನೆಯ ಮಾತು ಸರಿಬರಲಿಲ್ಲ. ಮೊದಲನೆಯದು ಸರಿಬಂತು. ಅಂತೂ ಅವನು ಸುಖವಾಗಿದ್ದ. ಬೆಳಿಗ್ಗೆ ಕಣ್ಣು ಬಿಟ್ಟಾಗ ತನ್ನನ್ನು ಯಾರೋ ಕಾಯುತ್ತಾರೆ ಎಂಬ ಸುಖ ಅದು. ಊರಿಗೆ ತೊಂದರೆಯಾಗಿ ತನಗೆ ಸುಖವಾಗುವುದು ಸರಿಯಲ್ಲವೆಂದು ಅವನಿಗೂ ಅನಿಸುತ್ತಿತ್ತು. ಅನಿಸಿದಾಗೆಲ್ಲ ಬೇರೆ ಏನಾದರೂ ಯೋಚಿಸುತ್ತಿದ್ದ.

ಒಂದು ದಿನ ಕಂಪ್ಯೂಟರು ಏಳುವಷ್ಟರಲ್ಲಿ ಗಾಡಿ ಹೊರಟುಹೋಯಿತು. ಊರಿನ ಹಾಲೆಲ್ಲ ಕ್ಯಾನಿನಲ್ಲೇ ಉಳಿದು ಮನೆಮನೆಯಲ್ಲೂ ಗಿಣ್ಣಿನ ಹಾಗೆ ಒಡೆದ ಹಾಲನ್ನು ಬೆಲ್ಲ ಹಾಕಿ ತಿಂದರು. ಅದು ಮಕ್ಕಳಿಗೊಂದೇ ಖುಷಿ ಕೊಟ್ಟಿತು. ಅಶ್ವತ್ಥಪ್ಪ ಗುಡುಗಿದ. ನವ್ಯ ಇನ್ನೂ ಪ್ರೊಬೇಷನ್ನಿನಲ್ಲಿದ್ದಳು, ಖಾಯಂ ಮಾಡುವುದೋ ಬಿಡುವುದೋ ಎಂದು ಮುಂದಿನ ಭಾನುವಾರದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಅಷ್ಟರೊಳಗೆ ರಿಪೇರಿ ಆಗದಿದ್ದರೆ ತೀರ್ಮಾನ ಏನೆಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನವ್ಯ, ವೆಂಕಟೇಶಪ್ಪ ಇಬ್ಬರೂ ಸಿಪಿಯುವನ್ನು ಟವೆಲಿನಲ್ಲಿ ಸುತ್ತಿ ರಾಬರ್ಟ್‌ಸನ್‌ಪೇಟೆಯ ಬಸ್ಸು ಹತ್ತಿದರು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬಸ್ಸು ಕುಲುಕಿದಾಗ ಕಂಡಕ್ಟರನ್ನು ಗದರಿದ. ನವ್ಯ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಬಂಗಾರಪೇಟೆಯಲ್ಲಿ ಬಿಕಾಂ ಓದಿ, ಈ ಊರಿಗೆ ಸೊಸೆಯಾಗಿ ಬಂದ ಹುಡುಗಿ. ಊರಿನ ಹಿರಿಯರನ್ನೆಲ್ಲ ಮಾವ ಎಂದೇ ಕರೆಯುತ್ತಿದ್ದಳು.

"ಮಾವ, ಒಂದ್ ಮಾತ್ ಕೇಳ್ಲಾ? ನಾನೇನಾದ್ರೂ ತಪ್ಪು ಮಾಡ್ತಿದೀನಾ? ನೀವು ನನ್ ಹಿಂದೇನೇ ನಿಂತು ನೋಡಿ ತಿಳ್ಸಿ."

"ತಪ್ಪೇನಿಲ್ಲ ಕಣಮ್ಮ."

"ಈ ಕೆಲ್ಸ ಓಗ್ಬಿಟ್ರೆ ಇನ್ನೊಂದು ಸಿಗ್ಬೋದು. ಆದ್ರೆ 'ಅವಳು ಮುಟ್ಟಿದ್ರೆ ಮಿಷನ್ನೇ ಏಳಲ್ಲ' ಅಂತಾರಲ್ಲ, ಅದು ಓಗಲ್ಲ ಮಾವ. ಸಾಯೋಗಂಟ ಇರ್ತದೆ."

ವೆಂಕಟೇಶಪ್ಪ ಟವೆಲು ಸರಿಮಾಡಿದ.

ಗೋಪಿಯ ರಿಪೇರಿ ಅಂಗಡಿ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿತ್ತು. ಗೋಪಿ ಉರಿಗಾಂ ಕಡೆಯವನು, ತಮಿಳಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವ ಪೈಕಿ. ಡಬ್ಬಕ್ಕೆ ತನ್ನ ವೈರು ಹಾಕಿ ಬಟನ್ ಒತ್ತಿದ. ಕಂಪ್ಯೂಟರು ತಕ್ಷಣ ಎದ್ದಿತು. ಆರಿಸಿ ಮತ್ತೆ ಒತ್ತಿದ. ಮತ್ತೆ ಎದ್ದಿತು. ನವ್ಯಳ ಕೈಯಲ್ಲೂ ಒತ್ತಿಸಿದ. ಎದ್ದಿತು.

"ಎನ್ನಾ ಸಾರ್, ಇದ್ರಲ್ಲಿ ಒಂದೂ ಪ್ರಾಬ್ಲಮ್ ಇಲ್ಲ. ಪಾರುಂಗ, ಸೂಪರಾಗಿ ಬರ್ತಾ ಇದೆ."

"ನಾನು ಪಕ್ಕದಲ್ಲಿದೀನಲ್ಲ, ಅದಕ್ಕೆ" ಎಂದ ವೆಂಕಟೇಶಪ್ಪ, ತಗ್ಗಿದ ದನಿಯಲ್ಲಿ.

ಗೋಪಿ ಅವನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬ್ರಷ್ ತೆಗೆದುಕೊಂಡು ಒಳಗಿನ ಧೂಳು ಹೊಡೆದ, ಬಟನ್ನಿನಂತಿದ್ದ ಸಣ್ಣ ಸೆಲ್ ಬದಲಾಯಿಸಿದ, ಸಡಿಲ ಇದ್ದವನ್ನೆಲ್ಲ ಅದುಮಿ ಕೂರಿಸಿದ. "ಊರಲ್ಲಿ ಇದಕ್ಕೆ ಏನೇನು ಕನೆಕ್ಟ್ ಮಾಡಿದೀರ ಸಾರ್?" ಎಂದು ಕೇಳಿದ.

ತೂಕದ ಮಿಷನ್ನು, ಫ್ಯಾಟ್ ಮಿಷನ್ನು, ಚೀಟಿಯದು, ಕೀಬೋರ್ಡು, ಮೌಸು. ವೆಂಕಟೇಶಪ್ಪ ಬೆರಳು ಮಡಿಸಿ ಹೇಳಿದ.

"ವೇರೆ ಏನಾದ್ರೂ?"

"ಇನ್ನೇನೂ ಇಲ್ಲ" ಎಂದ ವೆಂಕಟೇಶಪ್ಪ. ನವ್ಯಳೂ ಇಲ್ಲವೆಂದು ತಲೆಯಾಡಿಸಿದಳು. ಇಬ್ಬರೂ ಸುಳ್ಳು ಹೇಳಿದ್ದಲ್ಲ. ದೇವರನ್ನು ಯಾರಾದರೂ ಕನೆಕ್ಷನ್ನಿನ ಲೆಕ್ಕದಲ್ಲಿ ಹಿಡಿಯುತ್ತಾರೆಯೇ? ಬೆಳಿಗ್ಗೆ ಬಿಚ್ಚುವಾಗಲೂ ದೇವರ ವೈರನ್ನು ಎಲ್ಲಕ್ಕಿಂತ ಮೊದಲು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಪಟಕ್ಕೆ ಸುತ್ತಿಟ್ಟು, ಆಮೇಲೆ ಉಳಿದ ವೈರುಗಳಿಗೆ ಕೈಹಾಕಿದ್ದರು.

ಊರಿಗೆ ಬಂದು ಜೋಡಿಸುವಾಗಲೂ ದೇವರೇ ಮೊದಲು. ನವ್ಯ ದೀಪದ ಸ್ವಿಚ್ಚು ಒತ್ತಿ, ಊದುಗಡ್ಡಿ ಹಚ್ಚಿ, ಕಂಪ್ಯೂಟರಿನ ಬಟನ್ ಒತ್ತಿದಳು. ಕಂಪನಿಯ ಹೆಸರು ಬಂತು, ಹೋಯಿತು. ಬಿಳಿ ಗೆರೆ ಬಂದು ನಿಂತಿತು.

"ನೋಡಿದ್ಯಾ? ರಾಬರ್ಟ್‌ಸನ್‌ಪೇಟೇಲಿ ಏಳ್ತದೆ, ಇಲ್ಲಿ ಏಳಲ್ಲ" ಎಂದ ಅಶ್ವತ್ಥಪ್ಪ, ವರ್ಷದಿಂದ ಗೊತ್ತಿದ್ದ ವಿಷಯವೊಂದು ಇವತ್ತು ಸಾಬೀತಾದವನ ಹಾಗೆ. ಹೋಗುವಾಗ ವೆಂಕಟೇಶಪ್ಪನನ್ನು ಪಕ್ಕಕ್ಕೆ ಕರೆದ. "ವೆಂಕಟೇಶಣ್ಣ, ಭಾನುವಾರ ನಿಮ್ಮನ್ನೇ ಮತ್ತೆ ಕೂರಿಸ್ಬೇಕು ಅಂತಿದೀವಿ. ಸಲಹೆಗಾರರು ಅಂತ ಹೆಸರು ಕೊಡ್ತೀವಿ. ಆ ಹುಡುಗೀನ ಬಿಟ್ಬಿಡಾನ. ನಿಮ್ ಕುರ್ಚಿ ಒಳಗೇ ಐತೆ, ಯಾರಿಗೂ ಕೊಟ್ಟಿಲ್ಲ."

ಕುರ್ಚಿಯ ಮಾತು ವೆಂಕಟೇಶಪ್ಪನ ಎದೆಗೆ ತಾಕಿತು. ಬೆತ್ತದ ಕುರ್ಚಿ, ಬಲಗೈಯ ಕಡೆ ಸವೆದಿತ್ತು. ಸವೆಸಿದ್ದು ಅವನೇ. ಆ ವಾರವೆಲ್ಲ ಅವನು ಇಸ್ತ್ರಿಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದ.

ಭಾನುವಾರ ಬೆಳಿಗ್ಗೆ ಯಾರೂ ಕರೆಯಲು ಬರಲಿಲ್ಲ.

ವೆಂಕಟೇಶಪ್ಪ ಪೇಪರ್ ಮುಗಿಸಿದ. ಸತ್ತವರ ಫೋಟೋಗಳ ಪುಟವನ್ನೂ ಮುಗಿಸಿದ. ಬೈಕೊಂದು ಬಂತು, ಅವನು ಪೇಪರ್ ಮೇಲೆತ್ತಿದ, ಬೈಕು ಮುಂದಕ್ಕೆ ಹೋಯಿತು. "ಇವತ್ತೇನು, ಯಾರೂ ಬರ್ಲಿಲ್ಲ?" ಎಂದು ಮುನಿರತ್ನಮ್ಮ ಬಾಗಿಲಿಗೆ ಬಂದು ಕೇಳಿದಳು. ಅವನು ಚಪ್ಪಲಿ ಮೆಟ್ಟಿ ಹೊರಟ.

ಡೈರಿಯಲ್ಲಿ ಕಂಪ್ಯೂಟರು ಕೆಲಸ ಮಾಡುತ್ತಿತ್ತು. ಜನ ಹಾಲು ಹಾಕಿ, ಚೀಟಿ ತೆಗೆದುಕೊಂಡು, ಸರಸರನೆ ಹೋಗುತ್ತಿದ್ದರು. ನವ್ಯಳ ಮುಖದಲ್ಲಿ ಸಂತೋಷಕ್ಕಿಂತ ಭಯವೇ ಹೆಚ್ಚಿತ್ತು.

"ತಾನೇ ಎದ್ದುಬಿಡ್ತು ಮಾವ. ಯಾಕೇಂತ ಗೊತ್ತಿಲ್ಲ."

"ನಿನ್ನೆ ವೆಂಕಟೇಶಣ್ಣ ರವಷ್ಟು ಜೋರಾಗಿ ತಟ್ಟಿದ್ರು, ಅದು ಇವತ್ತಿಗೂ ಬಂದದೆ" ಎಂದು ಸಾಲಿನಿಂದ ಒಬ್ಬ ಹೇಳಿದ. ಉಳಿದವರು ಒಪ್ಪಿಕೊಂಡರು.

ವೆಂಕಟೇಶಪ್ಪನೂ ಒಪ್ಪಿಕೊಳ್ಳುತ್ತಿದ್ದನೇನೋ. ಆದರೆ ಡೈರಿಯಲ್ಲಿ ಏನೋ ಕಡಿಮೆಯಾದಂತೆ ಅನಿಸಿತು. ಅತ್ತಿತ್ತ ನೋಡಿದ. ಗೋವಿಂದನಾಮ ಕೇಳಿಸುತ್ತಿರಲಿಲ್ಲ. ಪಟಕ್ಕೆ ಹೂವಿರಲಿಲ್ಲ, ದೀಪ ಆರಿತ್ತು.

"ದೇವ್ರಿಗೆ ದೀಪ ಯಾಕಮ್ಮ ಆಕಿಲ್ಲ?"

"ಸೂತಕ ಮಾವ. ನಮ್ ದಾಯಾದೀರಲ್ಲಿ ಅಜ್ಜಿ ಓಗ್ಬಿಟ್ರು ನೆನ್ನೆ ಸಂಜೆ. ದೇವ್ರನ್ನ ಮುಟ್ಟಾಂಗಿಲ್ಲ ಮೂರು ದಿನ."

ವೆಂಕಟೇಶಪ್ಪ "ಓ" ಎಂದ. ಗೋಡೆಗೆ ಒರಗಿ ನಿಂತ. ಹಾಲು ಹಾಕುವವರೆಲ್ಲ ಮುಗಿದು, ಗಾಡಿ ಹೊರಟು, ನವ್ಯ ಹಿಂದೆ ಕ್ಯಾನು ತೊಳೆಯಲು ಹೋಗುವವರೆಗೂ ಹಾಗೆಯೇ ನಿಂತಿದ್ದ. ಆಮೇಲೆ ಕಂಪ್ಯೂಟರು ಆರಿಸಿ, ದೇವರ ದೀಪ ಹಚ್ಚಿ, ಬಟನ್ ಒತ್ತಿದ. ಈ ಸಲ ಕಿವಿ ಆನಿಸಲಿಲ್ಲ, ತಟ್ಟಲೂ ಇಲ್ಲ. ಬಿಳಿ ಗೆರೆ ಬಂದು ನಿಂತಿತು. ಎರಡನ್ನೂ ಆರಿಸಿ, ದೀಪ ಹಚ್ಚದೆ ಒತ್ತಿದ. ಎದ್ದಿತು. ಮತ್ತೆ ಆರಿಸಿ, ದೀಪ ಹಚ್ಚಿಕೊಂಡು ಒತ್ತಿ, ಚೆನ್ನಾಗಿ ತಟ್ಟಿದ. ಎಡಕ್ಕೂ ತಟ್ಟಿದ, ಬಲಕ್ಕೂ ತಟ್ಟಿದ. ಗೋವಿಂದನಾಮ ನಡೆಯುತ್ತಲೇ ಇತ್ತು, ಗೆರೆ ಕದಲಲಿಲ್ಲ.

ಡೈರಿಯ ಹಿಂದಿನ ಹುಣಸೆಮರದ ಕೆಳಗೆ ನಿಂತು ಗೋಪಿಗೆ ಫೋನ್ ಮಾಡಿದ. ದೇವರ ದೀಪದ ವಿಷಯ ಹೇಳಿದ.

"ಸಾರ್, ನಾನು ಅಷ್ಟು ಕೇಳಿದ್ನಲ್ಲ ಸಾರ್, ವೇರೆ ಏನಾದ್ರೂ ಇದೆಯಾ ಅಂತ."

"ಅದು ದೇವ್ರಪ್ಪಾ."

"ದೇವ್ರೇ ಸಾರ್. ಆದ್ರೆ ಆ ದೀಪದ ಒಳಗೆ ಮಂತ್ರ ತುಂಬಿರೋ ಸಣ್ಣ ಮೆಮರಿ ಇರುತ್ತೆ. ಕಂಪ್ಯೂಟರ್ ಎದ್ದ ತಕ್ಷಣ ತನ್ನ ಸಾಮಾನು ಎಲ್ಲಿದೆ ಅಂತ ಹುಡುಕುತ್ತೆ. ನಿಮ್ದು ಫಸ್ಟ್ ಅಲ್ಲಿ ಹೋಗಿ ನೋಡುತ್ತೆ. ಅಲ್ಲಿ ಮಂತ್ರ ಬಿಟ್ಟು ಏನೂ ಇಲ್ಲ. ಅಲ್ಲೇ ನಿಂತ್ಕೊಂಡುಬಿಡುತ್ತೆ. ನೀವು ಅದನ್ನ ತೆಗೆದು ಫೋನ್ ಚಾರ್ಜರಿಗೆ ಹಾಕ್ಬಿಡಿ, ಅವ್ಳೋದಾನ್, ಅಷ್ಟೇ. ಮುಗೀತು."

ಮುಗೀತು ಎಂದು ಗೋಪಿ ಸುಲಭವಾಗಿ ಹೇಳಿಬಿಟ್ಟ. ಫೋನು ಇಟ್ಟ ಮೇಲೂ ವೆಂಕಟೇಶಪ್ಪ ಅದನ್ನು ಕಿವಿಯಲ್ಲೇ ಹಿಡಿದುಕೊಂಡಿದ್ದ. ಕೈಗುಣ ಎಂದರೆ ಇಷ್ಟೇ. ಸದ್ದು ಕೇಳಲೆಂದು ಮಂತ್ರ ನಿಲ್ಲಿಸುತ್ತಿದ್ದುದು. ಮಂತ್ರ ತಂದು ಕಟ್ಟಿದ್ದೂ ತಾನೇ. ಕಾಯಿಲೆಯನ್ನು ತಾನೇ ತಂದಿಟ್ಟು, ಅದರ ಕೆಳಗೆ ಹೆಸರನ್ನೂ ದಪ್ಪಗೆ ಬರೆಸಿದ್ದ.

ಮಧ್ಯಾಹ್ನ ಮುದ್ದೆಯನ್ನು ತಟ್ಟೆಯಲ್ಲೇ ಅತ್ತಿತ್ತ ಹೊರಳಿಸುತ್ತಾ ಕೂತ. ಅವನಿಗೆ ಅತಿ ಇಷ್ಟವಾದ ಅವರೆಕಾಳು ಸಾರು ಇತ್ತು, ಆದರೂ ಮುಟ್ಟಲಿಲ್ಲ. ಮುನಿರತ್ನಮ್ಮ ಎದುರಿಗೆ ಕೂತು, "ಏನಾಯ್ತು ಏಳಿ" ಎಂದಳು. ಅವನು ಹೇಳಿದ. ದೀಪದ್ದು, ಕುರ್ಚಿಯದು, ಸಂಜೆಯ ಸಭೆಯದು ಎಲ್ಲ ಹೇಳಿ, "ಯಾರಿಗೂ ಗೊತ್ತಿಲ್ಲ, ಆ ಗೋಪಿಗೆ ಬಿಟ್ರೆ" ಎಂದು ಸೇರಿಸಿದ.

ಮುನಿರತ್ನಮ್ಮ ತನ್ನ ತಟ್ಟೆಯ ಮುದ್ದೆ ಮುರಿದಳು. "ಗೊತ್ತಿಲ್ದಿದ್ರೆ ಒಳ್ಳೇದೇ. ಸುಮ್ಕಿದ್ಬಿಡಿ. ನೀವು ದಿನಾ ಡೈರಿಗೆ ಓದ್ರೆ ನಂಗೂ ಅಸೂಗೂ ನೆಮ್ಮದಿ" ಎಂದಳು. ಮುದ್ದೆಯನ್ನು ಸಾರಿಗೆ ಅದ್ದಿ, "ಆ ಹುಡುಗಿ ಬೀದೀಲಿ ಎದುರಾದಾಗ ಯಾವ್ ಕಡೆ ನೋಡ್ತೀರೋ ಅದೊಂದು ಯೋಚ್ನೆ ಮಾಡ್ಕೊಳಿ" ಎಂದು ನುಂಗಿದಳು.

ಸಂಜೆ ಸಭೆ ಡೈರಿಯಲ್ಲೇ ಸೇರಿತು. ಜನ ಹಾಲಿನ ಕಟ್ಟೆಯ ಮೇಲೆ, ನೆಲದ ಮೇಲೆ, ಬಾಗಿಲಲ್ಲಿ ಕೂತಿದ್ದರು. ನವ್ಯ ಕಂಪ್ಯೂಟರಿನ ಪಕ್ಕ ನಿಂತಿದ್ದಳು. ಬೆತ್ತದ ಕುರ್ಚಿಯನ್ನು ಹೊರಗೆ ತಂದು ಒರೆಸಿಟ್ಟಿದ್ದರು. ವೆಂಕಟೇಶಪ್ಪ ಅದರಲ್ಲಿ ಕೂರದೆ ನಿಂತೇ ಇದ್ದ.

ಅಶ್ವತ್ಥಪ್ಪ ಮಾತು ಸುತ್ತಿ ಬಳಸಿ, "ಆ ಯಮ್ಮ ಒಳ್ಳೇ ಹುಡುಗೀನೇ, ಆದ್ರೆ ಕೈಗುಣ ಅಂತ ಒಂದಿರ್ತದೆ" ಎನ್ನುವಲ್ಲಿಗೆ ಬಂದಾಗ ವೆಂಕಟೇಶಪ್ಪ ಕೈಯೆತ್ತಿದ.

"ಕೈಗುಣ ಅಲ್ಲ. ನನ್ ದೀಪದ್ದು" ಎಂದ. ತಯಾರಿ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋಗಿ ಇಷ್ಟೇ ಬಂತು. ಆಮೇಲೆ ತಡವರಿಸಿಕೊಂಡು ವಿವರಿಸಿದ. ಮೆಮರಿ, ಹುಡುಕಾಟ, ಮಂತ್ರ.

"ದೇವ್ರ ಮೇಲೆ ತಪ್ಪು ಆಕ್ತೀರಲ್ಲಣ್ಣ" ಎಂದ ಒಬ್ಬ. "ದೊಡ್ಡವರು, ಆ ಹುಡುಗೀನ ಉಳ್ಸಕ್ಕೆ ಅಂಗಂತಾರೆ" ಎಂದಳು ಒಬ್ಬಾಕೆ, ಕಣ್ಣಲ್ಲಿ ನೀರು ತಂದುಕೊಂಡು.

ವೆಂಕಟೇಶಪ್ಪನಿಗೆ ರೇಗಿತು. ದೀಪ ಹಚ್ಚಿದ. "ಒತ್ತಮ್ಮ" ಎಂದ. ನವ್ಯ ಒತ್ತಿದಳು. ಗೆರೆ ಬಂದು ನಿಂತಿತು. ಅವನು ದೀಪದ ವೈರನ್ನು ಕಂಪ್ಯೂಟರಿನಿಂದ ಕಿತ್ತು, ದೀಪವನ್ನೂ ಪಟದಿಂದ ಬಿಚ್ಚಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಈಗ ಒತ್ತು" ಎಂದ. ಅವಳು ಆರಿಸಿ ಒತ್ತಿದಳು. ಕಂಪ್ಯೂಟರು ಎದ್ದಿತು.

"ನೋಡಿದ್ರಾ?"

"ನೋಡಿದ್ವಿ" ಎಂದ ಅಶ್ವತ್ಥಪ್ಪ. "ನೀವು ಪಕ್ಕದಲ್ಲೇ ನಿಂತಿದೀರ. ನಿಮ್ ಭಯಕ್ಕೆ ಏಳ್ತದೆ."

"ಅಂಗಾದ್ರೆ ಮತ್ತೆ ಆರ್ಸಿ. ನಾನು ಆಚೆಗ್ ಓಗ್ತೀನಿ."

ಹೊರಗೆ ಹೋಗಿ ನಿಂತ. ಬಾಗಿಲಲ್ಲಿ ಕಾಣಿಸುತ್ತೀರಿ ಎಂದರು. ಹುಣಸೆಮರದ ಹತ್ತಿರ ಹೋದ. ಕಿಟಕಿಯಲ್ಲಿ ಕಾಣಿಸುತ್ತೀರಿ ಎಂದರು.

"ನೀವು ಎಲ್ಲಿ ಓಗು ಅಂತೀರ ಅಲ್ಲಿಗೆ ಓಗ್ತೀನಿ. ಅದು ಏಳ್ಳಿಲ್ಲ ಅಂದ್ರೆ ಮಾತ್ರ ಬೈಕಲ್ಲಿ ಬಂದು ಕರೀರಿ. ಎದ್ರೆ ಬರ್ಬ್ಯಾಡಿ" ಎಂದು ವೆಂಕಟೇಶಪ್ಪ ಕೂಗಿ ಹೇಳಿ, ದೀಪವನ್ನು ಕೈಯಲ್ಲಿ ಹಿಡಿದುಕೊಂಡೇ ಊರ ಹೊರಗಿನ ರೈಲು ಹಳಿಯ ಕಡೆ ನಡೆದ.

ಹಳಿಯ ಪಕ್ಕ ಮೋರಿಯ ಕಟ್ಟೆಯ ಮೇಲೆ ಕೂತ. ಅಲ್ಲಿಗೆ ಡೈರಿ ಕಾಣಿಸುತ್ತಿರಲಿಲ್ಲ, ಕೇಳಿಸುತ್ತಲೂ ಇರಲಿಲ್ಲ. ರಾಗಿ ಹೊಲದಲ್ಲಿ ಗಾಳಿ ಆಡುತ್ತಿತ್ತು. ಬೈಕಿನ ಸದ್ದಿಗೆ ಕಿವಿಗೊಟ್ಟು ಕೂತ. ಬರಬಾರದು ಎಂದುಕೊಂಡ, ಅದು ನಿಜವೇ. ಬರಲಿ ಎಂದೂ ಒಂದು ಕಡೆ ಅನಿಸಿತು, ಅದೂ ನಿಜ. ಇಷ್ಟು ದಿನ ತನಗೋಸ್ಕರ ಬೈಕು ಬರಲೆಂದು ಕಾದವನು, ಇವತ್ತು ಬರದಿರಲೆಂದು ಕಾಯಬೇಕಾಗಿ ಬಂದದ್ದಕ್ಕೆ ಅವನಿಗೆ ಅಳು ಬಂತು. ಸುತ್ತ ಯಾರೂ ಇಲ್ಲದ್ದರಿಂದ ಸ್ವಲ್ಪ ಅತ್ತ.

ಮಾರಿಕುಪ್ಪಂ ಕಡೆ ಹೋಗುವ ರೈಲು ಬಂತು. ಬಾಗಿಲಲ್ಲಿ ನಿಂತಿದ್ದ ಫ್ಯಾಕ್ಟರಿಯ ಜನ ಕೈಯಲ್ಲಿ ಬಣ್ಣದ ದೀಪ ಹಿಡಿದು ಕೂತ ಮುದುಕನನ್ನು ನೋಡಿ ಕೈಬೀಸಿದರು. ಅವನೂ ಬೀಸಿದ. ರೈಲಿನ ಸದ್ದು ಅಡಗಿದ ಮೇಲೆ ಮತ್ತೆ ಕಿವಿಗೊಟ್ಟ. ಯಾವ ಬೈಕೂ ಬರಲಿಲ್ಲ. ಹಸುಗಳು ಮನೆಗೆ ತಿರುಗುವ ಹೊತ್ತಾಯಿತು, ಆಗಲೂ ಬರಲಿಲ್ಲ. ಕಂಪ್ಯೂಟರು ಎದ್ದಿತ್ತು.

ವೆಂಕಟೇಶಪ್ಪ ಪಂಚೆ ಕೊಡವಿಕೊಂಡು ಎದ್ದು ಮನೆಗೆ ಹೋದ.

ಸೂತಕ ಕಳೆದ ದಿನ ಅವನು ಡೈರಿಗೆ ಹೊಸದೊಂದು ಫೋನ್ ಚಾರ್ಜರನ್ನೂ ಎಕ್ಸ್‌ಟೆನ್ಷನ್ ಬೋರ್ಡನ್ನೂ ದಾನ ಕೊಟ್ಟ. ದೇವರಿಗೆ ಸ್ವಂತ ಪ್ಲಗ್ಗು ಸಿಕ್ಕಿತು. ಚಾರ್ಜರಿನ ಮೇಲೆ ಹೆಸರು ಬರೆಸಲು ಜಾಗವಿರಲಿಲ್ಲ.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಜಗಲಿಯ ಮೇಲೆ ಕೂತ. ಮುನಿರತ್ನಮ್ಮ ಬಂದು ಪೇಪರ್ ತೆಗೆದುಕೊಂಡು, ಕೈಗೆ ಹಾಲಿನ ಕ್ಯಾನು ಕೊಟ್ಟಳು. "ಎಂಗೂ ತಯಾರಾಗಿದೀರ. ಆಕ್ಬನ್ನಿ" ಎಂದಳು.

ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವುದು ಅವನ ಜನ್ಮದಲ್ಲಿ ಅದೇ ಮೊದಲು. ಸಾಲು ಇಷ್ಟು ನಿಧಾನವಾಗಿ ಸಾಗುತ್ತದೆಂದು ಒಳಗೆ ಕೂತವನಿಗೆ ಗೊತ್ತೇ ಇರಲಿಲ್ಲ. ಒಳಗಿನಿಂದ ಗೋವಿಂದನಾಮ ಕೇಳಿಸುತ್ತಿತ್ತು. ಅವನ ಸರದಿ ಬಂದಾಗ ನವ್ಯ ಹಾಲು ತೂಗಿ, ಸ್ವಲ್ಪ ತೆಗೆದು ಫ್ಯಾಟ್ ಮಿಷನ್ನಿಗೆ ಹಿಡಿದಳು. ಪರದೆ ನೋಡಿದಳು. ಮತ್ತೊಮ್ಮೆ ನೋಡಿದಳು.

"ಮಾವ, ಫ್ಯಾಟು ಕಮ್ಮಿ ಬಂದದೆ."

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಇದೇ ಬಾಗಿಲಲ್ಲಿ ಎಷ್ಟೋ ಜನಕ್ಕೆ ಎಷ್ಟೋ ವರ್ಷ ಇದೇ ಮಾತನ್ನು ಹೇಳಿದ್ದವನು ವೆಂಕಟೇಶಪ್ಪ. ಅವರೆಲ್ಲ ಅವನಿಗೆ ಏನು ಹೇಳುತ್ತಿದ್ದರೋ ಅದೇ ಅವನ ಬಾಯಿಗೆ ಬಂತು.

"ಮಿಷನ್ ಸರಿ ಇಲ್ಲ ಕಣಮ್ಮ."

ನವ್ಯ ಚೀಟಿ ಹರಿದು ಅವನ ಕೈಗಿಟ್ಟಳು. ನಗಲಿಲ್ಲ.

"ಮಿಷನ್ ಸರಿಯಾಗೈತೆ ಮಾವ. ನೀವೇ ಸರಿ ಮಾಡ್ಕೊಟ್ಟಿದ್ದು."

ವೆಂಕಟೇಶಪ್ಪ ಚೀಟಿಯನ್ನು ಮಡಿಸಿ, ಇಸ್ತ್ರಿ ಮಾಡಿದ ಅಂಗಿಯ ಜೇಬಿಗೆ ಹಾಕಿಕೊಂಡು, ಹಿಂದಿನವರಿಗೆ ಜಾಗ ಬಿಟ್ಟ.